ವಿಲ್ಫಿ ಬರೀ ಗಾಯಕರಲ್ಲ

ನಿಮ್ಮ ಲೇಖನದಲ್ಲಿ ವಿಲ್ಫಿ ರೆಬಿಂಬಸ್ ಅವರನ್ನು ನೆನಪಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ಆದರೆ ‘ಮಂಗಳೂರಿನ ಕೊಂಕಣಿ ಗಾಯಕ’ ಅಂತ ಅದರಲ್ಲಿ ಒಂದೇ ಮಾತಲ್ಲಿ ಮುಗಿಸಿದ್ದು ಯಾಕೋ ಸಾಲದು ಅನ್ನಿಸಿತು. ಹಾಡು ಬರೆಯುತ್ತಿದ್ದವರೂ ಅವರೇ, ರಾಗ ಹಾಕುತ್ತಿದ್ದವರೂ ಅವರೇ. ಆಮೇಲೆ ವೇದಿಕೆ ಹತ್ತಿ ತಾವೇ ಹಾಡುತ್ತಿದ್ದರು. ನಮ್ಮ ಕ್ಯಾಥೊಲಿಕ್ ಮದುವೆಗಳಲ್ಲಿ ಹಿಂದಿನ ದಿನ ‘ರೋಸ್’ ಅನ್ನುವ ಶಾಸ್ತ್ರ ಇರುತ್ತದೆ, ಅಲ್ವಾ? ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮುಗಿಯುವುದರೊಳಗೆ ಯಾರಾದರೂ ಅವರ ಹಾಡು ಎತ್ತಿಕೊಳ್ಳುತ್ತಿದ್ದರು. ಆಮೇಲೆ ಉಳಿದವರು ಸುಮ್ನೆ ಕೂರುವ ಮಾತೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುತ್ತಿದ್ದದ್ದು ಅವರ ಸಂಸಾರ. ಹೆಂಡತಿ ಮೀನಾ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು. ಮಕ್ಕಳು ವೀಣಾ, ವಿಶ್ವಾಸ್ ಕೂಡ ಮೈಕ್ ಹಿಡಿದರು. ಅವರ ಸಂಗೀತ ಸಂಜೆ ‘ವಿಲ್ಫಿ ನೈಟ್’ ಅಂದರೆ ಮನೆಯವರ ಕಾರ್ಯಕ್ರಮವೇ. ಗಲ್ಫ್‌ನಲ್ಲಿದ್ದ ನಮ್ಮವರಿಗಂತೂ ಅದು ಊರ ಹಬ್ಬ!

1942ರಲ್ಲಿ ಹುಟ್ಟಿದ ಅವರು 2010ರ ಮಾರ್ಚ್‌ನಲ್ಲಿ ತೀರಿಕೊಂಡರು. ‘ಕೊಂಕಣ ಕೋಗಿಲೆ’ ಅಂತ ಜನ ಕರೆದದ್ದು ಸುಮ್ಮನೆ ಅಲ್ಲ. ಕೊಂಕಣಿ ಬಾರದ ನನ್ನ ತುಳು ಗೆಳೆಯರು ಈಗಲೂ ಅವರ ಹಾಡು ಗುನುಗುತ್ತಾರೆ. ಅರ್ಥ ಕೇಳಿದರೆ ಮಾತ್ರ ನಗುತ್ತಾರೆ. ಸಾಧ್ಯವಾದರೆ ಮುಂದೆ ಮೀನಾ ಅವರ ಬಗ್ಗೆಯೂ ಬರೆಯಿರಿ.