ಸ್ಟೇಷನ್ ಹತ್ತಿರದ ಹತ್ತು ಸೆಂಟ್ಸ್ ಮತ್ತು ‘ನಿಲಂ’ ಎಂಬ ಒಂದು ಪದ

ಬೆಳಿಗ್ಗೆ ಮತ್ತೊಂದು ಜಾಹೀರಾತು ಕಣ್ಣಿಗೆ ಬಿತ್ತು. ‘ರೈಲ್ವೆ ಸ್ಟೇಷನ್‌ಗೆ ನಡೆದೇ ಹೋಗಬಹುದು, ಸಮತಟ್ಟಾದ ಹತ್ತು ಸೆಂಟ್ಸ್, ದಾಖಲೆ ಕ್ಲಿಯರ್.’ ಫೋಟೋದಲ್ಲಿ ಆಗಷ್ಟೇ ಸುರಿದ ಕೆಂಪು ಮಣ್ಣು, ಅದರ ಹಿಂದೆ ತೋಡು (ಸಣ್ಣ ಹಳ್ಳ), ತೋಡಿನಾಚೆ ಗದ್ದೆ. ಅದು ಬೈಲು ಮಾರಾಯ್ರೆ, ತಗ್ಗಿನ ಗದ್ದೆಬೈಲು! ಕೆಳಗೆ ಕಮೆಂಟಿನಲ್ಲಿ ಮಂಗಳೂರಿನವರು, ಪುತ್ತೂರಿನವರು ಎಲ್ಲ ರೇಟು ಕೇಳಿದ್ದಾರೆ. ದಾಖಲೆಯಲ್ಲಿ ಅದು ಯಾವ ಬಗೆಯ ಭೂಮಿ ಅಂತ ಒಬ್ಬರೂ ಕೇಳಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಮನೆ ಮಾಡಬೇಕು ಅನ್ನುವ ಆಸೆ ಒಳ್ಳೆಯದೇ. ರೈಲು ಉಂಟು. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಆರು ಪಥದ ಹೆದ್ದಾರಿ ಆಗಿದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಒಂದೇ ಪೇಟೆಯಲ್ಲಿ ಕೇಳುವ ಊರು ಇದು, ಖಂಡಿತ ಬನ್ನಿ. ಆದರೆ ತಲಪಾಡಿಯ ಗಡಿ ದಾಟಿದರೆ ಕೇರಳ, ಭೂಮಿಯ ಕಾನೂನೇ ಬೇರೆ. ಆರ್‌ಟಿಸಿ, ಕನ್ವರ್ಷನ್ ಅಂತ ಕರ್ನಾಟಕದಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ.

ಇಲ್ಲಿ ಮೊದಲು ನೋಡಬೇಕಾದದ್ದು ವಿಲ್ಲೇಜ್ ಆಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್, ಅಂದರೆ ಬಿಟಿಆರ್. ಅದರಲ್ಲಿ ‘ಪುರಯಿಡಂ’ (ಮನೆ, ತೋಟದ ಒಣ ಜಾಗೆ) ಅಂತ ಇದ್ದರೆ ಮುಂದಿನ ಮಾತು. ‘ನಿಲಂ’ ಅಂತ ಇದ್ದರೆ ಅದು ಗದ್ದೆ. ಎಷ್ಟು ಲೋಡ್ ಮಣ್ಣು ಹಾಕಿದರೂ ದಾಖಲೆಯಲ್ಲಿ ಗದ್ದೆಯೇ. ಆಮೇಲೆ ಕೃಷಿಭವನಕ್ಕೆ ಹೋಗಿ, ಆ ಸರ್ವೆ ನಂಬ್ರ ಡೇಟಾ ಬ್ಯಾಂಕಿನಲ್ಲಿ ಉಂಟಾ ಅಂತ ನೋಡಿ. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಯಾರಾದ ಗದ್ದೆ, ಜೌಗುಭೂಮಿಗಳ ಪಟ್ಟಿ ಅದು. ಪಟ್ಟಿಯಲ್ಲಿದ್ದರೆ ಅದರಿಂದ ತೆಗೆಸಲು ಫಾರ್ಮ್ 5. ಪಟ್ಟಿಯಲ್ಲಿಲ್ಲದೆ ಬಿಟಿಆರ್‌ನಲ್ಲಿ ಮಾತ್ರ ನಿಲಂ ಇದ್ದರೆ ಭೂಮಿಯ ಬಗೆ ಬದಲಿಸಲು ಫಾರ್ಮ್ 6, ಅದೂ 50 ಸೆಂಟ್ಸ್ ತನಕ. ಅದಕ್ಕಿಂತ ಹೆಚ್ಚಿದ್ದರೆ ಫಾರ್ಮ್ 7. ಇದು ಮುಗಿಯದೆ ಮನೆಯ ಪರ್ಮಿಟ್ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಅನುಮತಿ ಇಲ್ಲದೆ ತುಂಬಿಸಿದ ಮಣ್ಣನ್ನು ತೆಗೆಸಿ ಮೊದಲಿನ ಸ್ಥಿತಿಗೆ ತರಲು ಆದೇಶ ಕೊಡುವ ಅಧಿಕಾರ ಜಿಲ್ಲಾ ಕಲೆಕ್ಟರಿಗೆ ಉಂಟು.

‘25 ಸೆಂಟ್ಸ್ ತನಕ ಬಗೆ ಬದಲಿಸಲು ಶುಲ್ಕವೇ ಇಲ್ಲ, ಸಣ್ಣ ಕೆಲಸ’ ಅಂತ ಬ್ರೋಕರ್ ಹೇಳುತ್ತಾನೆ. ಆ ರಿಯಾಯಿತಿ 2017ರ ಡಿಸೆಂಬರ್ 30ಕ್ಕೇ 25 ಸೆಂಟ್ಸ್ ಒಳಗೆ ಇದ್ದ ಜಾಗೆಗೆ. ಆಮೇಲೆ ದೊಡ್ಡ ಗದ್ದೆಯನ್ನು ಹತ್ತತ್ತು ಸೆಂಟ್ಸ್ ತುಂಡು ಮಾಡಿ ಮಾರಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ‘ಮನೆ ಕಟ್ಟಲು ಪಂಚಾಯತಿನಲ್ಲಿ 10 ಸೆಂಟ್ಸ್ ಗದ್ದೆ ಬಿಡುತ್ತಾರಲ್ಲ’ ಅನ್ನುವವರೂ ಇದ್ದಾರೆ. ಬಿಡುವುದು ಹೌದು. ಬೇರೆ ಯೋಗ್ಯ ಜಾಗೆ ಇಲ್ಲದ ಮಾಲೀಕನಿಗೆ, ಆ ಕಾಯ್ದೆಯ ಪ್ರಕಾರದ ಸಮಿತಿ ಒಪ್ಪಿದರೆ. ಊರಲ್ಲಿ ಜಾಗೆ ಇಟ್ಟುಕೊಂಡು ಇಲ್ಲಿ ಖರೀದಿಸಲು ಬರುವವರು ಅದನ್ನು ನಂಬಿ ಅಡ್ವಾನ್ಸ್ ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಗದ ಬಿಡಿ, ಮಣ್ಣೇ ಹೇಳುತ್ತದೆ. ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು ಅಂತ ಹಿರಿಯರು ಸುಮ್ಮನೆ ಹೆಸರಿಡಲಿಲ್ಲ. ಎಲ್ಲ ನೀರು ಇಳಿದು ಬಂದು ನಿಲ್ಲುವುದು ಬೈಲಿನಲ್ಲಿ. ಗದ್ದೆಯ ಮೆದು ಕೆಸರಿನ ಮೇಲೆ ಸಡಿಲವಾಗಿ ಸುರಿದ ಮಣ್ಣು ಮಳೆಗಾಲ ಕಳೆದಂತೆ ಕುಸಿಯುತ್ತದೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಗೋಡೆ ಓರೆಯಾಗಿ ಬಿರುಕು ಬಿಡುವುದು ಅದಕ್ಕೇ. ಪಂಚಾಂಗವನ್ನು, ಅಂದರೆ ಅಡಿಪಾಯವನ್ನು, ತುಂಬಿದ ಮಣ್ಣಿನ ಮೇಲೆ ನಿಲ್ಲಿಸದೆ, ಗಟ್ಟಿ ನೆಲ ಸಿಗುವ ತನಕ ಇಳಿಸಬೇಕು. ಆ ಖರ್ಚು ಸೇರಿಸಿದರೆ ಅಗ್ಗದ ಜಾಗೆ ಅಗ್ಗವಾಗಿ ಉಳಿಯುವುದಿಲ್ಲ. ಜಾಗೆ ನೋಡಲು ಜುಲೈಯಲ್ಲಿ ಬನ್ನಿ. ಪಕ್ಕದ ಹಳೆ ತೆಂಗಿನ ಮರದ ಬುಡ ಮಣ್ಣಿನೊಳಗೆ ಹೂತಿದ್ದರೆ ಎಷ್ಟು ತುಂಬಿಸಿದ್ದಾರೆ ಅಂತ ತಿಳಿಯುತ್ತದೆ. ಕಡಲ ಬದಿಯಾದರೆ ಏಪ್ರಿಲ್‌ನಲ್ಲೂ ಬಂದು ನೆರೆಮನೆಯ ಬಾವಿ ನೀರು ಬಾಯಿಗೆ ಹಾಕಿ ನೋಡಿ, ಉಪ್ಪು ಉಂಟಾ ಅಂತ.

ಸ್ಟೇಷನ್ ಹತ್ತಿರ ಅನ್ನುವುದಕ್ಕೂ ಒಂದು ಲೆಕ್ಕ. ರೈಲ್ವೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವುದಿದ್ದರೆ ರೈಲ್ವೆಯ ಒಪ್ಪಿಗೆ ಬೇಕು. ಎಲ್ಲ ಗಾಡಿಗಳೂ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ, ನಿಮ್ಮ ಕೆಲಸದ ಹೊತ್ತಿಗೆ ಯಾವುದು ನಿಲ್ಲುತ್ತದೆ ನೋಡಿ. ಹೆದ್ದಾರಿಯ ಆಚೆ ಬದಿ ಜಾಗೆ ಇದ್ದರೆ ಅಂಡರ್‌ಪಾಸ್ ಎಲ್ಲಿ ಅಂತ ನಡೆದು ನೋಡಿ.

ಖರ್ಚು: ಮುದ್ರಾಂಕ ಶುಲ್ಕ 8%, ನೋಂದಣಿ 2%. ಆಧಾರದಲ್ಲಿ, ಅಂದರೆ ಕ್ರಯಪತ್ರದಲ್ಲಿ, ಅಳತೆ ಆರ್ (100 ಚದರ ಮೀಟರ್) ಲೆಕ್ಕದಲ್ಲಿರುತ್ತದೆ, 10 ಸೆಂಟ್ಸ್ ಅಂದರೆ ಸುಮಾರು 4.05 ಆರ್. ನೋಂದಣಿ ಆದ ಮೇಲೆ ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿ, ನಿಮ್ಮ ಹೆಸರಿಗೆ ತಂಡಪೇರ್ (ಖಾತೆ) ನಂಬ್ರ ಬಂದು, ಭೂತೆರಿಗೆ ಕಟ್ಟಿದ ರಸೀದಿ ಕೈಗೆ ಬರಬೇಕು. ಕೃಷಿ ಜಾಗೆಗೆ ತಾಗಿ ಬಳಕೆಗೆ ಮಾತ್ರ ಬಿಟ್ಟ ಕುಮ್ಕಿ ಜಾಗೆಯನ್ನು ‘ಜೊತೆಗೆ ಸಿಗುತ್ತದೆ’ ಅಂತ ತೋರಿಸಿದರೆ ಅದಕ್ಕೆ ದುಡ್ಡು ಕೊಡಬೇಡಿ, ಅದು ಸರ್ಕಾರದ್ದು.

ಇನ್ನು ಭಾಷೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಹಿಂದಿನ ಆಧಾರಗಳು ಕನ್ನಡದಲ್ಲಿ ಸಿಗುತ್ತವೆ, ಈಗಿನವು ಹೆಚ್ಚಾಗಿ ಮಲಯಾಳದಲ್ಲಿ. ಎರಡನ್ನೂ ಓದಬಲ್ಲ ವಕೀಲರಿಗೇ ಕೊಡಿ. ಬರೀ ಹೊಸದನ್ನು ಓದಿದವರಿಗೆ ಹಳೆಯ ಪಾಲುಪಟ್ಟಿಯಲ್ಲಿ ಹಕ್ಕು ಉಳಿದ ತಂಗಿ ಕಾಣುವುದಿಲ್ಲ.

ಯಾರಾದರೂ ಅಡ್ವಾನ್ಸ್ ಕೊಡುವ ಹಂತದಲ್ಲಿದ್ದರೆ ಬಿಟಿಆರ್ ಪ್ರತಿಯ ಫೋಟೋ ಇನ್‌ಬಾಕ್ಸಿಗೆ ಹಾಕಿ. ನಿಲಂ ಆ ಪುರಯಿಡಂ ಆ ಅಂತ ಓದಿ ಹೇಳುತ್ತೇನೆ.