ಮೂರು ವರ್ಷದ ಮಗುವೂ ತೆರೆಯುವ ಮುಚ್ಚಳ
ನಿನ್ನೆ ನನ್ನ ಮೂರು ವರ್ಷದ ಮಗಳು ಜ್ವರದ ಸಿರಪ್ ಬಾಟಲಿಯನ್ನು ಒಂದೇ ಸಲಕ್ಕೆ ತೆರೆದಳು. ಬಾಯಿಗೆ ಇಡುವಷ್ಟರಲ್ಲಿ ಕಿತ್ತುಕೊಂಡೆ. ಇನ್ನೂ ಎದೆ ಹೊಡೆದುಕೊಳ್ಳುತ್ತಿದೆ. ಸುಮ್ನೆ ತಿರುಗಿಸಿದರೆ ಬಿಚ್ಚುವ ಮುಚ್ಚಳ, ಸಿಹಿ ರುಚಿ, ಮೇಲೊಂದು ಹಣ್ಣಿನ ಚಿತ್ರ. ಅದು ಔಷಧಿ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಒಳಗಿರುವುದು ಪ್ಯಾರಾಸಿಟಮಾಲ್. ಜಾಸ್ತಿಯಾದರೆ ಲಿವರ್‌ಗೇ ಪೆಟ್ಟು. ಮೊದಲ ದಿನ ಮಗು ಆರಾಮಾಗಿಯೇ ಕಾಣಬಹುದು, ಅದೇ ಇನ್ನೂ ಭಯ.

ಒತ್ತಿ ತಿರುಗಿಸುವಂಥ, ಮಕ್ಕಳಿಗೆ ಸುಲಭಕ್ಕೆ ಬಿಚ್ಚಲಾಗದ ಮುಚ್ಚಳ ಹೊಸದೇನಲ್ಲ. ಅಮೆರಿಕದಲ್ಲಿ 1970ರಲ್ಲೇ ಇದಕ್ಕೆ ಕಾನೂನು ಬಂತು. ಅಲ್ಲಿ ಬಾಟಲಿಯನ್ನು 42ರಿಂದ 51 ತಿಂಗಳ ಮಕ್ಕಳ ಕೈಗೇ ಕೊಟ್ಟು ಪರೀಕ್ಷಿಸುತ್ತಾರೆ. 5 ನಿಮಿಷ ಬಿಡುತ್ತಾರೆ. ಆಮೇಲೆ ತೆರೆಯುವುದನ್ನು ತೋರಿಸಿ, ಇನ್ನೂ 5 ನಿಮಿಷ ಕೊಡುತ್ತಾರೆ. ಅಷ್ಟಾದರೂ ನೂರಕ್ಕೆ 80 ಮಕ್ಕಳಿಗಾದರೂ ತೆರೆಯಲು ಆಗಬಾರದು. ಉಳಿದವರು ತೆರೆಯಬಹುದು, ಹಾಗಾಗಿ ಬಾಟಲಿ ಕೈಗೆ ಸಿಗದ ಜಾಗದಲ್ಲೇ ಇರಬೇಕು. ಒಪ್ಪುತ್ತೇನೆ. ವಯಸ್ಸಾದವರಿಗೆ ಕಷ್ಟ ಅನ್ನುವ ಮಾತು ಒಪ್ಪುವುದಿಲ್ಲ. 70 ವರ್ಷದವರೆಗಿನವರ ಕೈಯಲ್ಲೂ ತೆರೆಸಿ ನೋಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಸಾದಾ ಮುಚ್ಚಳ ಹಾಕಿ, ‘ಮಕ್ಕಳಿಂದ ದೂರವಿಡಿ’ ಅಂತ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿದರೆ ಸಾಕಾ? ಡೋಸ್ ಅಳೆದು, ಚಮಚ ತೊಳೆಯಲು ಬೆನ್ನು ತಿರುಗಿಸಿದ್ದೆ. ಅಷ್ಟೇ ಹೊತ್ತು.