ಚಳಿಯಲ್ಲ, ಪಸೆಯೇ ಹೀಟ್ ಪಂಪಿಗೆ ಕಾಟ

ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಮನೆ ಬೆಚ್ಚಗಿಡಲು ಹೊರಗಿಟ್ಟ ಹೀಟ್ ಪಂಪಿನಿಂದ ದಟ್ಟ ಬಿಳಿ ಹೊಗೆ! ಫ್ಯಾನ್ ನಿಂತಿತ್ತು. ಒಳಗಿಂದ ಬುಸ್ಸೆಂದು ಸದ್ದು ಬೇರೆ. ಬೆಂಕಿ ಹತ್ತಿಕೊಂಡಿತು ಅಂತ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಅದು ಹೊಗೆಯಲ್ಲ, ಹಬೆ. ಯಂತ್ರ ಪಾಪ ಮೈಮೇಲಿನ ಮಂಜು ಕರಗಿಸಿಕೊಳ್ಳುತ್ತಿತ್ತು. ನಾನು ಅರ್ಧಕ್ಕೇ ತಡೆದಿದ್ದೆ.

ಕನ್ನಡನಾಡು ಬಿಟ್ಟು ಚಳಿಯ ಸೀಮೆಗೆ ಬಂದ ನನಗೆ ಎಸಿ ಎಂದರೆ ತಂಪು ಮಾಡುವ ಪೆಟ್ಟಿಗೆ, ಅಷ್ಟೇ. ಅದನ್ನೇ ತಿರುಗಿಸಿ ಓಡಿಸಿದರೆ ಮನೆ ಬೆಚ್ಚಗಾಗುತ್ತದೆ, ಅದೇ ಹೀಟ್ ಪಂಪ್ ಅಂತ ಗೊತ್ತಿತ್ತು. ಆದರೆ ಆಗ ಹೊರಗಿನ ಕಾಯಿಲ್, ಅಂದರೆ ಗಾಳಿಯಿಂದ ಶಾಖ ಹೀರುವ ಕೊಳವೆ ಸುರುಳಿ, ಸುತ್ತಲ ಗಾಳಿಗಿಂತಲೂ ತಣ್ಣಗಿರಬೇಕು ಅನ್ನುವುದು ಹೊಳೆದಿರಲಿಲ್ಲ. ಗಾಳಿ 3 ಡಿಗ್ರಿ ಇದ್ದರೂ ಕಾಯಿಲ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಾಳಿಯ ಪಸೆ ಅದರ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ಇಬ್ಬನಿ ಅಂದರೆ ನೀರು, ಹಿಮ ಅಂದರೆ ಆಕಾಶದಿಂದ ಬೀಳುವುದು. ಇದಕ್ಕೆ ಏನನ್ನಬೇಕೋ, ಸದ್ಯಕ್ಕೆ ಮಂಜು ಅನ್ನುತ್ತೇನೆ.

ಹೀಟ್ ಪಂಪ್ ಕೊಳ್ಳುವವರೆಲ್ಲ ಕೇಳುವುದು ಒಂದೇ: ಮೈನಸ್ 15ರಲ್ಲಿ ನಡೆಯುತ್ತಾ? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಪ್ಲಸ್ 2ರಲ್ಲಿ ಹೇಗೆ ಅಂತ. ಸೊನ್ನೆ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿದೀತು. ಮೈನಸ್ 20ರಲ್ಲಿ ಬರೀ 1 ಗ್ರಾಂ. ಕಡುಚಳಿ ಒಣಚಳಿ, ಮಂಜು ಕಟ್ಟುವುದು ಕಡಿಮೆ. ಸೊನ್ನೆಯ ಆಸುಪಾಸಿನ ಮಬ್ಬು ದಿನಗಳೇ ಕಾಟ ಕೊಡುವುದು. ಯುರೋಪಿನ ಪರೀಕ್ಷೆಯಲ್ಲಿ 7 ಡಿಗ್ರಿಯ ಜೊತೆ 2 ಡಿಗ್ರಿಯಲ್ಲೂ ಯಂತ್ರದ ದಕ್ಷತೆ ಅಳೆಯುವುದು ಸುಮ್ನೆ ಅಲ್ಲ. ಮಾರುವವರು ಮಾತ್ರ 7ರ ಅಂಕಿಯನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ಕರಗಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದ 2 ಡಿಗ್ರಿಯ ಅಂಕಿ ಕೊಡಿ ಅಂತ ಪಟ್ಟುಹಿಡಿದು ಕೇಳಿ.

ಬಾಡಿಗೆ ಮನೆಯ ಹಳೇ ಯಂತ್ರ ಗಡಿಯಾರ ನೋಡಿಕೊಂಡು ಕರಗಿಸುತ್ತಿತ್ತು. ಕಾಯಿಲ್ ತಣ್ಣಗಿದೆಯಾ, ಒಂದು ಗಂಟೆ ಆಯಿತಾ, ಸರಿ, ಶುರು. ಮಂಜು ತೆಳ್ಳಗಿದ್ದರೂ ಅಷ್ಟೇ, ಗಟ್ಟಿಯಾಗಿದ್ದರೂ ಅಷ್ಟೇ. ಈಗಿನದು ಕಾಯಿಲ್ ಗಾಳಿಗಿಂತ ಎಷ್ಟು ಕೆಳಗೆ ಜಾರಿದೆ ಎಂದು ನೋಡುತ್ತಾ ಕಾಯುತ್ತದೆ. ಒಣಚಳಿಯ ದಿನ ಗಂಟೆಗಟ್ಟಲೆ ಸುಮ್ಮನಿರುತ್ತದೆ, ಜಿನುಗು ಮಳೆಯ ದಿನ ಮತ್ತೆ ಮತ್ತೆ ಕರಗಿಸುತ್ತದೆ. ನನಗಂತೂ ಇದೇ ಸರಿ ಅನ್ನಿಸುತ್ತದೆ.

ಕರಗಿಸುವ ರೀತಿಯೂ ಒಂದೇ ಅಲ್ಲ. ಹೆಚ್ಚಿನವು ಯಂತ್ರದ ಓಟವನ್ನೇ ಉಲ್ಟಾ ಮಾಡಿ, ಮನೆಯ ಬಿಸಿಯನ್ನೇ ಹೊರಗೆ ಒಯ್ದು, ಕೆಲವೇ ನಿಮಿಷದಲ್ಲಿ ಮುಗಿಸುತ್ತವೆ. ಕೆಲವು ಕಂಪ್ರೆಸರಿನ ಬಿಸಿ ಗ್ಯಾಸನ್ನು ನೇರ ಹೊರಗಿನ ಕಾಯಿಲಿಗೆ ಬಿಡುತ್ತವೆ. ಅದರಲ್ಲಿ ಮನೆ ಅಷ್ಟಾಗಿ ತಣ್ಣಗಾಗದು, ಆದರೆ ನಿಧಾನ. ಬರೀ ಕರೆಂಟಿನ ಹೀಟರಿನಿಂದ ಕರಗಿಸುವುದು ದಂಡ.

ಒಂದು ಕಿಲೋ ಮಂಜು ಕರಗಲು 334 ಕಿಲೋಜೂಲ್ ಬೇಕು. ಒಂದು ಯೂನಿಟ್ ಕರೆಂಟಿನ ಹತ್ತರಲ್ಲೊಂದು ಪಾಲೂ ಅಲ್ಲ. ತಮಾಷೆಯೆಂದರೆ ಅದೇ ಮಂಜು ಕಾಯಿಲ್ ಮೇಲೆ ಕಟ್ಟುವಾಗ ಇದರ ಎಂಟು ಪಟ್ಟಿಗಿಂತ ಜಾಸ್ತಿ ಶಾಖ ಕೊಟ್ಟಿರುತ್ತದೆ. ಹಾಗಾದರೆ ನಷ್ಟ ಎಲ್ಲಿ? ಕಾಯಿಲಿನ ತೆಳು ಲೋಹದ ಹಾಳೆಗಳ (ಫಿನ್) ಸಂದು ಮುಚ್ಚಿ ಗಾಳಿ ಆಡದೆ ಒದ್ದಾಡುವ ಹೊತ್ತಿನಲ್ಲಿ. ಬೇಡದಿದ್ದರೂ ನಿಲ್ಲಿಸಿ, ಅಷ್ಟೂ ಲೋಹವನ್ನು ಕಾಯಿಸಿ, ಮತ್ತೆ ತಣ್ಣಗಾಗಿಸುವುದರಲ್ಲಿ.

ನನ್ನದೂ ಒಂದು ತಪ್ಪಿತ್ತು. ಕರೆಂಟ್ ಉಳಿಸೋಣ ಅಂತ ರಾತ್ರಿ ಮನೆಯ ಬಿಸಿ ಪೂರ್ತಿ ಇಳಿಸಿ, ಬೆಳಿಗ್ಗೆ ಐದಕ್ಕೆ ಒಮ್ಮೆಲೇ ಏರಿಸುತ್ತಿದ್ದೆ. ಯಂತ್ರ ಏದುಸಿರು ಬಿಟ್ಟು ಓಡಿದಷ್ಟೂ ಕಾಯಿಲ್ ಇನ್ನಷ್ಟು ತಣ್ಣಗೆ, ಗಾಳಿಯೂ ಆಗಲೇ ಒದ್ದೆ. ಈಗ ರಾತ್ರಿಯಿಡೀ ನಿಧಾನವಾಗಿ ಓಡಲು ಬಿಡುತ್ತೇನೆ. ಬೆಳಗಿನ ಹಬೆ ಎಷ್ಟೋ ಕಡಿಮೆಯಾಗಿದೆ.

ಕರಗಿದ ನೀರಿನ ಮಾತು ಯಾರೂ ಎತ್ತುವುದಿಲ್ಲ. ಹಳೇ ಯಂತ್ರದ್ದು ಸಿಮೆಂಟಿನ ಮೇಲೆ ಹರಿದು, ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟುತ್ತಿತ್ತು. ಕಸ ಹಾಕಲು ಹೋಗಿ ಬುಟ್ಟಿ ಸಮೇತ ಬಿದ್ದಿದ್ದೇನೆ. ಹೊಸತನ್ನು ಮೊಳದೆತ್ತರದ ಸ್ಟ್ಯಾಂಡಿನ ಮೇಲಿಟ್ಟು, ಕೆಳಗೆ ಜಲ್ಲಿ ಹಾಕಿಸಿದ್ದೇನೆ. ನೀರು ಅಲ್ಲೇ ಇಂಗುತ್ತದೆ.